ನೆಲ ಬಿಡದವರ ಮನೆಯ ಗಂಟಕ್ಕ

ನಮ್ಮ ಮನೆಯಲ್ಲಿ ಏಣಿ ಇರಲಿಲ್ಲ. ಅಟ್ಟವೂ ಇರಲಿಲ್ಲ. ಗೋಡೆಯ ಕಪಾಟಿನ ಮೇಲಿನ ಅರೆಗಳನ್ನು ಅಜ್ಜಿ ಬಡಗಿಯನ್ನು ಕರೆಸಿ ಕೊಯ್ಯಿಸಿ ತೆಗೆಸಿದ್ದಳು, ಯಾರೂ ಸ್ಟೂಲು ಹತ್ತುವ ಪ್ರಮೇಯವೇ ಬರಬಾರದೆಂದು. ಬಲ್ಬು ಸುಟ್ಟುಹೋದರೆ ಎದುರುಮನೆಯ ಡ್ರೈವರು ಕೆಲಸದಿಂದ ಬರುವ ತನಕ ಕತ್ತಲಲ್ಲೇ ಕೂರುತ್ತಿದ್ದೆವು. ಅವನು ಬಂದು ಕುರ್ಚಿಯ ಮೇಲೆ ನಿಂತು ಹೊಸ ಬಲ್ಬು ಹಾಕುವಷ್ಟು ಹೊತ್ತೂ ಅಜ್ಜಿ ಅವನ ಎರಡೂ ಕಾಲುಗಳನ್ನು ತಬ್ಬಿ ಹಿಡಿದಿರುತ್ತಿದ್ದಳು.

"ಬಿಡಿ ಅಜ್ಜಿ, ಕಚಗುಳಿ ಆಗುತ್ತೆ" ಎಂದು ಅವನು ನಗುತ್ತಿದ್ದ.

ಅಜ್ಜಿ ಬಿಡುತ್ತಿರಲಿಲ್ಲ.

ಬೀದಿಯವರು ನಮಗೆ ‘ನೆಲ ಬಿಡದವರು’ ಎಂದು ಹೆಸರಿಟ್ಟಿದ್ದರು. ಕೆಟ್ಟ ಮನಸ್ಸಿನಿಂದ ಇಟ್ಟದ್ದಲ್ಲ, ಕಂಡದ್ದನ್ನು ಹೇಳಿದ್ದರು, ಅಷ್ಟೇ. ನಾವು ಮಕ್ಕಳು ಮರ ಹತ್ತುವಂತಿರಲಿಲ್ಲ, ಕಾಂಪೌಂಡು ಗೋಡೆಯ ಮೇಲೆ ಕೂರುವಂತಿರಲಿಲ್ಲ, ಉಯ್ಯಾಲೆಯನ್ನು ದೂರದಿಂದ ನೋಡಬೇಕಿತ್ತು. ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಮಾರುಕಟ್ಟೆಯ ಮೂಲೆಯಲ್ಲಿ ಮೊಣಕಾಲೆತ್ತರದ ಮಣೆಯ ಮೇಲೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇಡೀ ದಿನ ಬಗ್ಗಿಯೇ ಇರುವ ಕೆಲಸ. ಆ ಕೆಲಸವನ್ನು ಅವನಿಗೆ ಹುಡುಕಿಕೊಟ್ಟವಳೂ ಅಜ್ಜಿಯೇ. ಇದಕ್ಕಿಂತ ನೆಲಕ್ಕೆ ಹತ್ತಿರದ ಕೆಲಸ ಅವಳಿಗೆ ಸಿಕ್ಕಿರಲಿಕ್ಕಿಲ್ಲ.

ನಾನು ಹೇಳಹೊರಟಿರುವುದು ನಮ್ಮ ಅಕ್ಕನ ಕಥೆ. ಒಡಹುಟ್ಟಿದವಳಲ್ಲ, ದೊಡ್ಡಪ್ಪನ ಮಗಳು. ಆದರೆ ಒಂದೇ ಚಾಪೆಯ ಮೇಲೆ ಮಲಗಿ, ಒಂದೇ ಬಾಚಣಿಗೆಗೆ ಜಗಳವಾಡಿ ಬೆಳೆದವರು ನಾವು. ಇವತ್ತು ನಮ್ಮ ಊರಿನ ಕಟ್ಟಡ ಕೆಲಸದವರಲ್ಲಿ ಯಾರನ್ನೇ ಕೇಳಿ, ಗಂಟಕ್ಕ ಎಂದರೆ ಗೊತ್ತು.

ಅಜ್ಜ ಸಾರುವೆ ಕಟ್ಟುವವನಾಗಿದ್ದ. ಕಟ್ಟಡ ಮೇಲೇಳುವಾಗ ಅದರ ಸುತ್ತ ಬೊಂಬು ನಿಲ್ಲಿಸಿ, ಅಡ್ಡ ಬೊಂಬುಗಳನ್ನು ಹಗ್ಗದಿಂದ ಬಿಗಿದು, ಮೇಲೆ ಹಲಗೆ ಹಾಸುತ್ತಾರಲ್ಲ, ಗಾರೆಯವರು, ಬಣ್ಣದವರು ನಿಂತು ಕೆಲಸ ಮಾಡಲಿಕ್ಕೆ, ಅದು ಸಾರುವೆ. ಒಂದು ನೀರಿನ ಟ್ಯಾಂಕಿಗೆ ಕಟ್ಟಿದ ಸಾರುವೆಯಿಂದ ಅಜ್ಜ ಬಿದ್ದು ಸತ್ತ. ಆಗ ದೊಡ್ಡಪ್ಪನಿಗೆ ಮೀಸೆ ಚಿಗುರುವ ವಯಸ್ಸು, ನಮ್ಮಪ್ಪ ಇನ್ನೂ ಶಾಲೆಗೆ ಹೋಗುವವನು. ಮನೆ ನಡೆಯಬೇಕಲ್ಲ, ದೊಡ್ಡಪ್ಪ ಅಜ್ಜನ ಹಗ್ಗದ ಸುರುಳಿಯನ್ನೇ ಹೆಗಲಿಗೇರಿಸಿಕೊಂಡು ಅದೇ ಕೆಲಸಕ್ಕೆ ಹೋದ. ಮದುವೆಯಾಯಿತು, ಅಕ್ಕ ಹುಟ್ಟಿದಳು. ಅವಳು ಅಂಬೆಗಾಲಿಡುತ್ತಿದ್ದಾಗ ದೊಡ್ಡಪ್ಪನೂ ಬಿದ್ದ.

ಊರವರಿಗೆ ಎರಡು ಸಾವು ಸಾಕಾಯಿತು. ‘ಆ ಮನೆತನದವರಿಗೆ ಎತ್ತರ ಆಗಿಬರಲ್ಲ’ ಎಂದರು. ಒಬ್ಬರು ಅಂದದ್ದು ಹತ್ತು ಜನರ ಬಾಯಿಗೆ ಬಂತು, ಕೊನೆಗೆ ಸುತ್ತಿ ಬಳಸಿ ನಮ್ಮ ಮನೆಯೊಳಗೂ ಬಂದು ಕೂತಿತು. ಅಜ್ಜಿ ಅದನ್ನು ನಂಬಿದಳು. ನಂಬಿದ್ದರಲ್ಲಿ ತಪ್ಪೇನಿದೆ? ಗಂಡನನ್ನೂ ಮಗನನ್ನೂ ಒಂದೇ ರೀತಿಯಲ್ಲಿ ಕಳೆದುಕೊಂಡವಳು.

ವಿಚಿತ್ರವೆಂದರೆ ಇವೆಲ್ಲ ನಮಗೆ ಗೊತ್ತೇ ಇರಲಿಲ್ಲ. ಅವರು ಹೇಗೆ ಸತ್ತರೆಂದು ಕೇಳಿದರೆ ‘ಹುಷಾರಿರಲಿಲ್ಲ’ ಎನ್ನುತ್ತಿದ್ದರು. ದೊಡ್ಡಮ್ಮ, ಅಂದರೆ ಅಕ್ಕನ ತಾಯಿ, ಟೆಂಟು ಮತ್ತು ಲಾರಿ ಹೊದಿಕೆ ಹೊಲಿಯುವ ಒಂದು ಕಾರ್ಖಾನೆಯಲ್ಲಿ ದಪ್ಪ ಬಟ್ಟೆ ಹೊಲಿಯುತ್ತಿದ್ದಳು. ಆ ಪ್ರಶ್ನೆ ಬಂದ ಕೂಡಲೇ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಕಾರಣ ತಿಳಿಯದೆ ಬರೀ ಹೆದರಿಕೆಯನ್ನು ಮಾತ್ರ ನಾವು ಪಡೆದುಕೊಂಡೆವು. ಅಕ್ಕನ ತರಗತಿ ಶಾಲೆಯ ಮಹಡಿಗೆ ಹೋದ ವರ್ಷ ಅಜ್ಜಿ ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೂತುಬಿಟ್ಟಳು. ‘ಹುಡುಗಿಯನ್ನು ಕೆಳಗಿಳಿಸುವ ತನಕ ನಾನು ಏಳಲ್ಲ’ ಎಂದಳು. ಆ ಮಹಾತಾಯಿ ಬೇಸತ್ತು ಇಡೀ ತರಗತಿಯನ್ನೇ ಕೆಳಗೆ ತಂದರು. ಆಟದ ಬಯಲು ಹತ್ತಿರವಾಯಿತೆಂದು ಮಕ್ಕಳೆಲ್ಲ ಅಕ್ಕನಿಗೆ ಮಿಠಾಯಿ ಕೊಟ್ಟರು. ಅಕ್ಕ ಮಿಠಾಯಿ ತಿಂದಳು, ಆದರೆ ತಲೆ ತಗ್ಗಿಸಿಕೊಂಡೇ ತಿಂದಳು.

ನನ್ನ ಸರದಿ ಬರುವಾಗ ಮುಖ್ಯೋಪಾಧ್ಯಾಯಿನಿ ಬದಲಾಗಿದ್ದರು. ನಾನು ಗೋಡೆಗೆ ಅಂಟಿಕೊಂಡು, ಬೂಟಿನೊಳಗೆ ಕಾಲ್ಬೆರಳು ಮಡಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ದೊಡ್ಡವಳಾದ ಮೇಲೆ ಮೂರನೇ ಮಹಡಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಅಜ್ಜಿ ಬೇಡವೆನ್ನುವ ಅಗತ್ಯವೇ ಬೀಳಲಿಲ್ಲ, ನಾನೇ ಒಲ್ಲೆನೆಂದೆ. ಅಜ್ಜನ ಮುಖವನ್ನೇ ನೋಡಿರದ ನನ್ನ ಮೊಣಕಾಲುಗಳಿಗೆ ಅಜ್ಜನ ಸಾವು ಗೊತ್ತಿತ್ತು.

ಅಕ್ಕ ಓದು ಮುಗಿಸಿ ಕೆಲಸ ಹುಡುಕುತ್ತಿದ್ದಾಗ, ರೈಲ್ವೆ ಗೇಟಿನ ಆಚೆ ಬೊಂಬು, ಹಲಗೆ, ಹಗ್ಗ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಜನ ಬೇಕಿದ್ದರು. ಹೋದದ್ದು, ಬಂದದ್ದು ನೋಡಿಕೊಳ್ಳುವ ಕೆಲಸ. ಕಟ್ಟಡದ ಸಾಮಾನಿನ ಅಂಗಡಿ ಎಂದಾಗ ಅಜ್ಜಿಯ ಮುಖ ಬಿಗಿಯಾಯಿತು. ಆಮೇಲೆ ಸ್ವತಃ ಹೋಗಿ ಜಾಗ ನೋಡಿ ಬಂದಳು. ಬೊಂಬುಗಳೆಲ್ಲ ನೆಲದ ಮೇಲೆ ಮಲಗಿದ್ದವು. ಅಂಗಡಿಗೆ ಮಹಡಿ ಇರಲಿಲ್ಲ.

"ಹೋಗ್ಲಿ. ಆದ್ರೆ ಆ ರಾಶಿ ಮೇಲೆ ಹತ್ಬಾರ್ದು" ಎಂದಳು.

ಅಂಗಡಿಯ ಯಜಮಾನರನ್ನು ಎಲ್ಲರೂ ಮೀಸೆ ಮೇಸ್ತ್ರಿ ಎನ್ನುತ್ತಿದ್ದರು. ಮೀಸೆ ಅಷ್ಟೇನೂ ದೊಡ್ಡದಲ್ಲ, ಆದರೆ ಅದನ್ನು ಅವರು ನೋಡಿಕೊಳ್ಳುತ್ತಿದ್ದ ರೀತಿ ದೊಡ್ಡದು. ಕೆಲಸಕ್ಕೆ ಸೇರಿದ ಕೆಲವು ವಾರಗಳ ಮೇಲೆ, ಒಂದು ಮಧ್ಯಾಹ್ನ ಅಕ್ಕ ಬಿಡುವಿನಲ್ಲಿ ಎರಡು ಬೊಂಬಿನ ತುಂಡುಗಳಿಗೆ ಹಗ್ಗ ಸುತ್ತುತ್ತ ಕೂತಿದ್ದಳು. ಯಾರೂ ಕಲಿಸಿದ್ದಲ್ಲ, ಗಿರಾಕಿಗಳು ಮಾಡುವುದನ್ನು ನೋಡಿ ಮಾಡುತ್ತಿದ್ದಳು. ಮೇಸ್ತ್ರಿ ನಿಂತು ನೋಡಿದರು.

"ಯಾರ ಮನೆ ಹುಡುಗಿ ನೀನು?" ಎಂದು ಕೇಳಿದರು.

ಅಕ್ಕ ಹೇಳಿದಳು. ಮೇಸ್ತ್ರಿ ಅಲ್ಲೇ ಹಗ್ಗದ ಕಂತೆಯ ಮೇಲೆ ಕೂತುಬಿಟ್ಟರು.

"ನಿಮ್ಮಜ್ಜನ ಹತ್ರಾನೇ ನಾನು ಗಂಟು ಹಾಕೋದು ಕಲಿತದ್ದು ಮಗಳೇ. ಟ್ಯಾಂಕಿನ ಕೆಲಸದಲ್ಲಿ ಜೊತೆಗೇ ಇದ್ದೆ."

"ಯಾವ ಟ್ಯಾಂಕು?"

ಮೇಸ್ತ್ರಿಗೆ ಈ ಹುಡುಗಿಗೆ ಏನೂ ತಿಳಿಯದೆಂದು ಆಗ ಅರ್ಥವಾಯಿತು. ಅವರು ಮಾತು ಮರೆಸಬಹುದಿತ್ತು. ಮರೆಸಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು. ಯಾರೋ ಒಬ್ಬ ಕೆಲಸಗಾರ ನೀರಿನ ಡ್ರಮ್ಮು ಮೇಲಕ್ಕೆ ಎಳೆದುಕೊಳ್ಳಲು ದಾರಿ ಸಾಲದೆಂದು ಒಂದು ಅಡ್ಡ ಬೊಂಬಿನ ಕಟ್ಟು ಬಿಚ್ಚಿದ್ದ. ಡ್ರಮ್ಮು ಹೋಯಿತು, ಕಟ್ಟನ್ನು ಮತ್ತೆ ಬಿಗಿಯುವುದನ್ನು ಮರೆತ. ಅಜ್ಜ ಅದರ ಮೇಲೆ ಭಾರ ಹಾಕಿದ. ದೊಡ್ಡಪ್ಪನದು ಬೇರೆ ಕಟ್ಟಡ, ಬೇರೆ ಮೇಸ್ತ್ರಿಯ ಸಾರುವೆ. ಅಲ್ಲಿ ಹಲಗೆಯೊಂದನ್ನು ಕಟ್ಟದೆ ಹಾಗೇ ಹಾಸಿದ್ದರು. ತುದಿಗೆ ಕಾಲಿಟ್ಟಾಗ ಅದರ ಇನ್ನೊಂದು ತುದಿ ಏತದ ಹಾಗೆ ಮೇಲೆದ್ದಿತು.

"ನಿಮ್ಮಜ್ಜ ಕಟ್ಟಿದ ಗಂಟು ಒಂದಾದ್ರೂ ಜಾರಿದ್ದು ನಾನು ನೋಡಿಲ್ಲ. ಬೇರೆಯವರು ಬಿಚ್ಚಿದ್ದಕ್ಕೆ ಅವನು ಹೋದ" ಎಂದರು ಮೇಸ್ತ್ರಿ.

ಅವತ್ತು ಸಂಜೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು. ನಾನು ಅತ್ತೆ. ಅವಳು ಅಳಲಿಲ್ಲ. ಅವಳ ಮುಖದಲ್ಲಿ ಸಿಟ್ಟಿತ್ತು, ಅದರ ಜೊತೆಗೆ ಒಂದು ನಿರಾಳವೂ ಇತ್ತು.

"ನಮ್ಮ ರಕ್ತದಲ್ಲೇನೂ ಇಲ್ಲ ಕಣೇ" ಎಂದಳು. "ಹಲಗೆಯಲ್ಲಿತ್ತು. ಹಗ್ಗದಲ್ಲಿತ್ತು. ಹಲಗೆಯನ್ನ ಕಟ್ಬಹುದು."

ಅವಳು ಮೇಸ್ತ್ರಿಯ ಬೆನ್ನು ಬಿದ್ದಳು. ಅವರು ಮೊದಲು ನಕ್ಕರು, ಆಮೇಲೆ ಗದರಿದರು, ಆಮೇಲೆ ನಿಮ್ಮಜ್ಜಿ ನನ್ನನ್ನು ಉಳಿಸ್ತಾಳಾ ಎಂದು ಕೇಳಿದರು. ಕೊನೆಗೆ, ನೆಲದ ಮೇಲೆ ಎಲ್ಲ ಗಂಟುಗಳನ್ನೂ ಕಣ್ಣು ಮುಚ್ಚಿ ಕಟ್ಟುವಷ್ಟು ಕಲಿತರೆ ಒಂದು ಸಲ ಹತ್ತಿಸುತ್ತೇನೆ ಎಂದರು. ಅದು ಆಗದ ಮಾತೆಂದು ಅವರು ಅಂದುಕೊಂಡಿರಬೇಕು. ಅಕ್ಕನ ಅಂಗೈ ಸುಲಿದು, ಒಣಗಿ, ಮತ್ತೆ ಸುಲಿದು, ಆಮೇಲೆ ಸುಲಿಯುವುದನ್ನೇ ಬಿಟ್ಟಿತು. ಮನೆಯಲ್ಲಿ ಕೇಳಿದರೆ ‘ಬೊಂಬಿನ ಸಿಬಿರು’ ಎನ್ನುತ್ತಿದ್ದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಮೊದಲ ಸಲ ಹತ್ತಿದ್ದು ಒಂದು ಎರಡಂತಸ್ತಿನ ಮನೆಯ ಸಾರುವೆ. ಮೊದಲ ಅಂತಸ್ತಿನ ಹಲಗೆಯ ತನಕ ಸಲೀಸಾಗಿ ಹೋದಳಂತೆ. ಅಲ್ಲಿಗೆ ಕಾಲು ನಿಂತೇಹೋಯಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬೊಂಬನ್ನು ಅಪ್ಪಿಕೊಂಡು ಕಣ್ಣು ಮುಚ್ಚಿ ನಿಂತಳು. ಬಣ್ಣದವರು ಕೆಲಸ ನಿಲ್ಲಿಸಿ ಮೋಜು ನೋಡಿದರು. ತಿಳುವಳಿಕೆಯೆಲ್ಲ ತಲೆಯಲ್ಲಿತ್ತು. ಹುಟ್ಟಿದಾಗಿನಿಂದ ಕಲಿಸಿದ ಹೆದರಿಕೆ ಮೈಯಲ್ಲಿತ್ತು, ಅದಕ್ಕೆ ಹೊಸ ಸುದ್ದಿ ಇನ್ನೂ ತಲುಪಿರಲಿಲ್ಲ.

ಮೇಸ್ತ್ರಿ ಕೆಳಗಿನಿಂದ ಮೆತ್ತಗೆ ಹೇಳಿದರು: "ಕೆಳಗೆ ನೋಡ್ಬೇಡ ಅಂತ ಎಲ್ರೂ ಹೇಳ್ತಾರೆ. ನೀನು ನೋಡು. ಏನು ಕಾಣುತ್ತೆ ಹೇಳು."

"ನೀವು ಕಾಣ್ತೀರ."

"ಮತ್ತೆ?"

"ನಿಮ್ಮ ತಲೆ ನಡುವೆ ಕೂದಲಿಲ್ಲ."

"ಅದನ್ನ ಬಿಡು. ಮತ್ತೆ?"

ಹೀಗೇ ಒಂದೊಂದನ್ನೇ ಹೇಳಿಸುತ್ತ ಅವಳನ್ನು ಇಳಿಸಿಕೊಂಡರು. ಇಳಿದವಳು ಮರಳಿನ ರಾಶಿಯ ಪಕ್ಕ ವಾಂತಿ ಮಾಡಿಕೊಂಡಳು. ಬಣ್ಣದವರು ಅವಳನ್ನು ಮತ್ತೆ ಕಾಣುವುದಿಲ್ಲ ಎಂದುಕೊಂಡರು. ಮುಂದಿನ ವಾರ ಮತ್ತೆ ಬಂದಳು, ಅದರ ಮುಂದಿನ ವಾರವೂ ಬಂದಳು. ಹೆದರಿಕೆ ಹೋಯಿತೇ ಎಂದು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದ್ದೇನೆ. "ಎಲ್ಲಿ ಹೋಗುತ್ತೆ? ಜೊತೆಗೇ ಹತ್ತುತ್ತೆ. ಅದು ಇದ್ರೇನೇ ನಾನು ಗಂಟನ್ನ ಎರಡು ಸಲ ನೋಡೋದು" ಎಂದಳು.

ಮನೆಯಲ್ಲಿ ಮೊದಲು ಹೇಳಿದ್ದು ತಾಯಿಗೆ. ದೊಡ್ಡಮ್ಮ ಕೇಳಿಸಿಕೊಂಡಳು, ಈ ಸಲ ಅಡುಗೆಮನೆಗೆ ಹೋಗಲಿಲ್ಲ. ಸ್ವಲ್ಪ ದಿನ ಮಗಳ ಜೊತೆ ಮಾತೇ ಇರಲಿಲ್ಲ. ಆಮೇಲೆ ಒಂದು ಸಂಜೆ ಕಾರ್ಖಾನೆಯಿಂದ ಬಂದವಳು ಚೀಲದಿಂದ ಒಂದು ಸೊಂಟದ ಪಟ್ಟಿ ತೆಗೆದು ಚಾಪೆಯ ಮೇಲಿಟ್ಟಳು. ಲಾರಿ ಹೊದಿಕೆಯ ದಪ್ಪ ಬಟ್ಟೆಯನ್ನು ಮಡಿಕೆ ಮಾಡಿ, ಸಾಲು ಸಾಲಾಗಿ ಹೊಲಿದು, ಹಿಂಬದಿಗೆ ಒಂದು ಕಬ್ಬಿಣದ ಬಳೆ ಕೂರಿಸಿದ್ದಳು.

"ಸೊಂಟಕ್ಕೆ ಕಟ್ಕೋ. ಬಳೆಗೆ ಹಗ್ಗ ಹಾಕು, ಹಗ್ಗನ ಗಟ್ಟಿ ಬೊಂಬಿಗೆ ಕಟ್ಟು" ಎಂದಳು. "ಲಾರಿಯಷ್ಟು ಸಾಮಾನು ಹಿಡಿದಿಡೋ ಬಟ್ಟೆ. ನಿನ್ನನ್ನೂ ಹಿಡಿಯುತ್ತೆ."

ಆಮೇಲೆ ತಡೆದು, "ನಿಮ್ಮಪ್ಪನಿಗೂ ಒಂದು ಹೊಲೀಬೇಕಿತ್ತು. ಆಗ ಹೊಳೀಲಿಲ್ಲ" ಎಂದಳು. ಗಂಡನ ಬಗ್ಗೆ ಅವಳ ಬಾಯಿಂದ ನಾವು ಕೇಳಿದ ಮೊದಲ ಮಾತು ಅದು.

ಅಜ್ಜಿಗೆ ಗೊತ್ತಾಗದೆ ಉಳಿಯುವುದುಂಟೇ? ತರಕಾರಿಯವಳು ಹೇಳಿದಳು, "ನಿಮ್ಮ ಮೊಮ್ಮಗಳು ದವಾಖಾನೆ ಬೀದಿಯ ಕಟ್ಟಡದ ಮೇಲೆ ಕಾಗೆ ಹಾಗೆ ಕೂತಿದ್ಲು" ಎಂದು. ಅಜ್ಜಿ ಮನೆಯಲ್ಲಿ ರಂಪ ಮಾಡುತ್ತಾಳೆಂದು ನಾವೆಲ್ಲ ಉಸಿರು ಬಿಗಿಹಿಡಿದೆವು. ಮಾಡಲಿಲ್ಲ. ಮರುದಿನ ಬೆಳಗ್ಗೆ ಕೋಲು ಹಿಡಿದು ಹೊರಟಳು. ನಾನು ಹಿಂದೆ ಓಡಿದೆ.

ಕಟ್ಟಡದ ಎದುರು ಸಿಮೆಂಟಿನ ಮೂಟೆಯೊಂದರ ಮೇಲೆ ಅಜ್ಜಿ ಕೂತಳು. ಮೇಲೆ ನೋಡಲಿಲ್ಲ. ನೆಲವನ್ನೇ ನೋಡುತ್ತ, ಮೇಲಿನಿಂದ ಏನಾದರೂ ಸದ್ದಾದರೆ ಭುಜ ಕುಗ್ಗಿಸುತ್ತ, ಊಟದ ಹೊತ್ತಿನ ತನಕ ಹಾಗೇ ಇದ್ದಳು. ಅಕ್ಕ ಅವಳನ್ನು ಆಗಲೇ ಕಂಡಿದ್ದಳು. ಅರ್ಧ ಕೆಲಸ ಬಿಟ್ಟು ಬರಲಿಲ್ಲ. ಬಿಡುವಾದಾಗ ಇಳಿದು ಬಂದು ಪಕ್ಕದಲ್ಲಿ ಕೂತಳು.

"ಇಳಿದ್ಯಾ?" ಎಂದಳು ಅಜ್ಜಿ.

"ಇಳಿದೆ ಅಜ್ಜಿ."

"ಮತ್ತೆ ಹತ್ತಬೇಕಾ?"

"ಊಟ ಆದ್ಮೇಲೆ."

"ನಿಮ್ಮಪ್ಪನೂ ಹಾಗೇ ಹೇಳಿ ಹೋದ."

ಅಕ್ಕ ಅಜ್ಜಿಯ ಕೈ ಹಿಡಿದು ಎಬ್ಬಿಸಿ ಸಾರುವೆಯ ಹತ್ತಿರ ಕರೆದೊಯ್ದಳು. ಎದೆಮಟ್ಟಕ್ಕಿದ್ದ ಮೊದಲ ಹಲಗೆಯನ್ನು ತೋರಿಸಿದಳು.

"ಅಲ್ಲಾಡಿಸು ನೋಡೋಣ."

ಅಜ್ಜಿ ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಿಂದ ಹಲಗೆ ಹಿಡಿದು ಜಗ್ಗಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಅಡ್ಡ ಬೊಂಬಿಗೆ ಜೋತುಬಿದ್ದಳು, ಆ ವಯಸ್ಸಿನಲ್ಲಿ, ಎಲ್ಲರೂ ನೋಡುತ್ತಿರುವಾಗ. ಬೊಂಬು ಕಿರುಗುಟ್ಟಲೂ ಇಲ್ಲ. ಆಮೇಲೆ ಒಂದೊಂದೇ ಗಂಟನ್ನು ಬೆರಳಿನಿಂದ ಮುಟ್ಟುತ್ತ ಹೋದಳು. ಒಂದರ ಹತ್ತಿರ ನಿಂತಳು.

"ತುದೀನ ಹೀಗೆ ಒಳಗೆ ಸಿಕ್ಕಿಸೋದು ನಿಮ್ಮಜ್ಜ. ಮನೇಲಿ ಮೂಟೆ ಕಟ್ಟಿದ್ರೂ ಹೀಗೇ ಕಟ್ತಿದ್ದ" ಎಂದಳು. ಅವಳ ಬೆರಳು ಅಲ್ಲೇ ಉಳಿಯಿತು. "ಅವನ ಗಂಟನ್ನ ಅವನು ನೋಡ್ಕೊಂಡ. ಬೇರೆಯವರು ಬಿಚ್ಚಿದ್ದನ್ನ ಅವನಿಗೆ ಯಾರೂ ನೋಡಿ ಹೇಳ್ಲಿಲ್ಲ."

"ಇಲ್ಲಿ ನಾನು ನೋಡ್ತೀನಿ ಅಜ್ಜಿ. ಬೆಳಗ್ಗೆ ಯಾರೂ ಹತ್ತೋಕ್ ಮೊದ್ಲು ಎಲ್ಲ ಗಂಟೂ ಮುಟ್ಟಿ ನೋಡ್ತೀನಿ."

"ನಿಂದು ಮಾತ್ರಾನಾ?"

"ಎಲ್ಲರದೂ."

ಅಜ್ಜಿ ಅವತ್ತು ಮೊದಲ ಸಲ ಮುಖವೆತ್ತಿ ಮೇಲೆ ನೋಡಿದಳು. ಅಲ್ಲಿ ಗಾರೆಯವರು ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಎಷ್ಟೋ ಹೊತ್ತು ನೋಡಿದಳು.

"ಹಾಗಾದ್ರೆ ಹತ್ತು" ಎಂದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ನನ್ನ ಬೆರಳುಗಳು ನೋಯುತ್ತಿದ್ದವು, ಆದರೂ ಬಿಡಿಸಿಕೊಳ್ಳಲಿಲ್ಲ.

ಅಕ್ಕ ತನ್ನದೇ ಗುಂಪು ಕಟ್ಟಿಕೊಳ್ಳುವ ಹೊತ್ತಿಗೆ ಮೇಸ್ತ್ರಿಗೆ ವಯಸ್ಸಾಗಿತ್ತು. ಅಂಗಡಿಯನ್ನು ಅವಳೇ ನಡೆಸುವಂತಾಯಿತು. ಅವಳ ಸಾರುವೆಗೆ ಎರಡು ಕಟ್ಟಳೆಗಳು. ಸೊಂಟಕ್ಕೆ ಪಟ್ಟಿ ಕಟ್ಟದವನು ಹತ್ತಬಾರದು. ಯಾವ ಕಾರಣಕ್ಕೂ ಅವಳನ್ನು ಕೇಳದೆ ಗಂಟು ಬಿಚ್ಚಬಾರದು. ಮೊದಮೊದಲು ಕೆಲಸದವರು ಅವಳನ್ನು ಗೇಲಿ ಮಾಡಿಯೇ ‘ಗಂಟಕ್ಕ’ ಎಂದದ್ದು. "ಗಂಟಕ್ಕ ಬಂದ್ಲು, ಚಡ್ಡಿ ಲಾಡಿ ಗಂಟನ್ನೂ ನೋಡ್ತಾಳೆ, ಹುಷಾರು" ಎನ್ನುತ್ತಿದ್ದರು. ಅವಳಿಗೆ ಕೇಳುವಂತೆಯೇ ಹೇಳುತ್ತಿದ್ದರು. ಅವಳು ಕೇಳಿಸಿಕೊಂಡೇ ಗಂಟು ನೋಡುತ್ತಿದ್ದಳು.

ಅವರಲ್ಲಿ ಎಲ್ಲರಿಗಿಂತ ಹೆಚ್ಚು ಹಟಮಾರಿ ಒಬ್ಬ ಗಾರೆಯವನು. ಕೈಯಲ್ಲಿ ಒಳ್ಳೆಯ ಕೆಲಸ, ಬಾಯಲ್ಲಿ ಸದಾ ಗೊಣಗಾಟ. ಹಾಗಾಗಿ ಅವನಿಗೆ ಗೊಣಗಪ್ಪ ಎಂದೇ ಹೆಸರು.

"ನಾನೇನು ಎಮ್ಮೇನಾ, ಸೊಂಟಕ್ಕೆ ಹಗ್ಗ ಹಾಕಿ ಕಟ್ಟಿಹಾಕೋಕೆ?" ಎಂದು ಜಗಳಕ್ಕೆ ನಿಂತ.

"ಎಮ್ಮೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ. ಕಟ್ಕೊಂಡು ಹತ್ತು, ಇಲ್ಲಾಂದ್ರೆ ಮನೆಗೆ ನಡಿ" ಎಂದಳು ಅಕ್ಕ.

ಕೆಲಸ ಬೇಕಿತ್ತು, ಕಟ್ಟಿಕೊಂಡ. ಕಟ್ಟಿಕೊಂಡು ದಿನವಿಡೀ ಗೊಣಗಿದ.

ಆಗ ಅವರು ಕೆಲಸ ಮಾಡುತ್ತಿದ್ದ ಮಾರುಕಟ್ಟೆ ಕಟ್ಟಡದ ಗಾರೆ ಮುಗಿಯುತ್ತ ಬಂದಿದ್ದಾಗ ಒಂದು ಬೆಳಗ್ಗೆ, ರಾಟೆಯಿಂದ ಮೇಲೆ ಹೋಗುತ್ತಿದ್ದ ಗಾರೆಯ ಬಕೀಟು ಗಾಳಿಗೆ ತೂಗಿ ಬಂದು ಗೊಣಗಪ್ಪನ ಬೆನ್ನಿಗೆ ಬಡಿಯಿತು. ಅವನು ಹಲಗೆಯಿಂದ ಆಚೆ ಹೋದ. ಕೆಳಗಿದ್ದವರು ಕಣ್ಣು ಮುಚ್ಚಿಕೊಂಡರು. ನೆಲಕ್ಕೆ ಬಿದ್ದ ಸದ್ದು ಬರಲಿಲ್ಲ. ಕಣ್ಣು ತೆರೆದು ನೋಡಿದರೆ ಗೊಣಗಪ್ಪ ಒಗೆದು ಹಾಕಿದ ಅಂಗಿಯ ಹಾಗೆ ನಡುವಿನಲ್ಲಿ ನೇತಾಡುತ್ತಿದ್ದ. ಪಟ್ಟಿ ಹಿಡಿದಿತ್ತು, ಹಗ್ಗ ಹಿಡಿದಿತ್ತು, ಬೊಂಬು ಹಿಡಿದಿತ್ತು.

"ನೋಡ್ತಾ ನಿಂತಿದೀರಲ್ಲ, ಎಳೀರೋ" ಎಂದು ಅವನು ಅಲ್ಲಿಂದಲೇ ಬೈದ.

ಅಕ್ಕ ಮತ್ತು ಇಬ್ಬರು ಅವನನ್ನು ಎಳೆದುಕೊಂಡರು. ಹಲಗೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಅವನು ಕುಡಿದ. ಬಹಳ ಹೊತ್ತು ಅವನ ಬಾಯಿಂದ ಒಂದು ಗೊಣಗಾಟವೂ ಬರಲಿಲ್ಲ. ಅದನ್ನು ಕಂಡು ಕೆಲಸದವರಿಗೆ ನಿಜವಾಗಿ ಗಾಬರಿಯಾಯಿತು. ಅಕ್ಕ ಯಾರಿಗೂ ಕಾಣದಂತೆ ಕಟ್ಟಡದ ಹಿಂದಕ್ಕೆ ಹೋಗಿ ಗೋಡೆಗೊರಗಿ ನಿಂತಳಂತೆ. ಅಂಥ ಸಂತೋಷ ತನಗೆ ಅದಕ್ಕೆ ಮೊದಲು ಆಗಿರಲಿಲ್ಲ ಎಂದು ನನ್ನ ಹತ್ತಿರ ಹೇಳಿದಳು.

ಮರುದಿನ ಗೊಣಗಪ್ಪ ಹೆಂಡತಿ, ಮಕ್ಕಳ ಜೊತೆ ನಮ್ಮ ಮನೆಗೆ ಬಂದ. ಒಗೆದ ಬಟ್ಟೆ, ಬಾಚಿದ ತಲೆ. ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ತಿಳಿಯದೆ, "ಪಟ್ಟಿ ಹೊಲಿದೋರು ಯಾರು?" ಎಂದು ಕೇಳಿದ. ಅಕ್ಕ ದೊಡ್ಡಮ್ಮನನ್ನು ತೋರಿಸಿದಳು. ಅವನ ಹೆಂಡತಿ ನೇರವಾಗಿ ಹೋಗಿ ದೊಡ್ಡಮ್ಮನನ್ನು ತಬ್ಬಿಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ದೊಡ್ಡಮ್ಮನ ಕೈಗಳು ಮೊದಲು ಗಾಳಿಯಲ್ಲೇ ನಿಂತವು, ಆಮೇಲೆ ಆ ಹೆಂಗಸಿನ ಬೆನ್ನ ಮೇಲೆ ಬಂದು ಕೂತವು.

ಅಜ್ಜಿ ಮಕ್ಕಳನ್ನು ಹತ್ತಿರ ಕರೆದು ಒಬ್ಬೊಬ್ಬರ ಗಲ್ಲ ಹಿಡಿದು ನೋಡಿದಳು.

"ಇವ್ರು ಮರ ಹತ್ತುತ್ತಾರಾ?" ಎಂದು ಗೊಣಗಪ್ಪನನ್ನು ಕೇಳಿದಳು.

"ಮಂಗಗಳ ಹಾಗೆ ಹತ್ತುತ್ತಾವೆ ಅಜ್ಜಿ. ಎಷ್ಟು ಬೈದ್ರೂ ಕೇಳಲ್ಲ."

"ಬೈಬೇಡ. ಹತ್ತಲಿ" ಎಂದಳು.

ಆ ಸುದ್ದಿ ಊರಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಬೇರೆ ಮೇಸ್ತ್ರಿಗಳ ಕಡೆಯ ಕೆಲಸದವರೂ ಪಟ್ಟಿ ಕೇಳತೊಡಗಿದರು. ದೊಡ್ಡಮ್ಮ ಕಾರ್ಖಾನೆ ಬಿಟ್ಟು ಮನೆಯಲ್ಲೇ ಹೊಲಿಯಲು ಕೂತಳು. ಕೈ ಸಾಲದೆ ನಾನೂ, ಬೀದಿಯ ಇನ್ನಿಬ್ಬರು ಹೆಂಗಸರೂ ಸೇರಿಕೊಂಡೆವು. ಗಾರೆಯವರ ಹೆಂಡಿರು, ಬಣ್ಣದವರ ತಾಯಂದಿರು ಬೆಳಗ್ಗೆ ಬುತ್ತಿ ಕಟ್ಟುವಾಗ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಂಡರು: "ಇವತ್ತು ಯಾರ ಸಾರುವೆ?" ಗಂಟಕ್ಕನದು ಎಂದರೆ ಸುಮ್ಮನಾಗುತ್ತಿದ್ದರು. ನಮ್ಮ ಹೆಸರು ಹೇಳಿ ಊರವರು ಮಕ್ಕಳನ್ನು ಹೆದರಿಸುತ್ತಿದ್ದ ಕಾಲವಿತ್ತು, ಈಗ ಅದೇ ಮನೆತನದ ಹೆಸರು ಕೇಳಿ ಧೈರ್ಯ ತಂದುಕೊಳ್ಳುತ್ತಿದ್ದರು. ಇದನ್ನು ಬರೆಯುವಾಗ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ. ಅಕ್ಕ ಇಷ್ಟು ವರ್ಷ ಕಟ್ಟಿದ ಯಾವ ಸಾರುವೆಯಿಂದಲೂ ಬಿದ್ದು ಒಬ್ಬರೂ ಸತ್ತಿಲ್ಲ.

ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ನನ್ನ ಮಗಳು, ಆಗಿನ್ನೂ ಚಿಕ್ಕವಳು, ತಟ್ಟೆಯಿಂದ ತಲೆಯೆತ್ತಿ "ದೊಡ್ಡಮ್ಮಾ, ಮುತ್ತಜ್ಜ ಹೇಗೆ ಸತ್ರು?" ಎಂದು ಅಕ್ಕನನ್ನು ಕೇಳಿದಳು. ಅಪ್ಪನ ತುತ್ತು ಅರ್ಧದಲ್ಲೇ ನಿಂತಿತು. ಅಕ್ಕ ಕೈ ತೊಳೆಯಲೂ ಏಳದೆ, ಮೊದಲಿನಿಂದ ಕೊನೆಯ ತನಕ ಹೇಳಿದಳು. ಟ್ಯಾಂಕು, ಡ್ರಮ್ಮು, ಬಿಚ್ಚಿದ ಕಟ್ಟು, ಎಲ್ಲ.

"ಬಿಚ್ಚಿದವನು ಯಾಕೆ ಮತ್ತೆ ಕಟ್ಲಿಲ್ಲ?"

"ಮರೆತ."

"ಪಾಪ" ಎಂದಳು ಮಗಳು. ಯಾರಿಗೆ ಅಂದಳೋ ಗೊತ್ತಾಗಲಿಲ್ಲ. ನೀರು ಕುಡಿದು ಮುಂದಿನ ಪ್ರಶ್ನೆ ಕೇಳಿದಳು. "ಮುತ್ತಜ್ಜನಿಗೆ ಸಿಳ್ಳೆ ಹಾಕೋಕೆ ಬರ್ತಿತ್ತಾ?"

ಅಕ್ಕ ಅಜ್ಜಿಯ ಕಡೆ ತಿರುಗಿದಳು. ಆಗ ಅಪ್ಪ ಮೆಲ್ಲಗೆ ಗಂಟಲು ಸರಿಮಾಡಿಕೊಂಡ.

"ಬರ್ತಿತ್ತು. ಮೇಲಿನಿಂದ ಸಿಳ್ಳೆ ಹಾಕ್ತಿದ್ದ. ನಾನು ಶಾಲೆಯಿಂದ ಬರೋವಾಗ ಬೀದಿ ತುದಿಗೇ ಕೇಳ್ತಿತ್ತು."

ಅಲ್ಲಿಂದ ಶುರುವಾದದ್ದು ಅಪ್ಪ ನಿಲ್ಲಿಸಲಿಲ್ಲ. ಅಜ್ಜ ಎಡಗೈಯವನೆಂದು, ಬೆಕ್ಕೆಂದರೆ ಸಿಡುಕುತ್ತಿದ್ದನೆಂದು, ದೊಡ್ಡಪ್ಪನನ್ನೂ ತನ್ನನ್ನೂ ಒಂದೊಂದು ಹೆಗಲ ಮೇಲೆ ಕೂರಿಸಿಕೊಂಡು ಮಾರುಕಟ್ಟೆಗೆ ಹೋಗುತ್ತಿದ್ದನೆಂದು ಹೇಳುತ್ತ ಹೋದ. ಅಜ್ಜಿ ನಡುನಡುವೆ ತಿದ್ದಿದಳು. ತಟ್ಟೆಗಳು ಒಣಗಿದವು. ಆ ಸಾವುಗಳನ್ನು ಮುಚ್ಚಿಡಲು ಹೋಗಿ ನಾವು ಆ ಮನುಷ್ಯರನ್ನೇ ಮುಚ್ಚಿಟ್ಟುಬಿಟ್ಟಿದ್ದೆವು. ಅವತ್ತು ಅವರಿಬ್ಬರೂ ನಮ್ಮ ಮನೆಗೆ ಮರಳಿ ಬಂದರು ಎಂದೇ ನನಗನಿಸಿತು.

ಅಜ್ಜಿ ತುಂಬು ವಯಸ್ಸಿನಲ್ಲಿ ಹೋದಳು. ಒಂದು ಮಧ್ಯಾಹ್ನ ಊಟ ಮಾಡಿ, ಚಹಾ ಹೊತ್ತಿಗೆ ಎಬ್ಬಿಸು ಎಂದು ಮಲಗಿದಳು. ಎಬ್ಬಿಸಲು ಹೋದಾಗ ಇರಲಿಲ್ಲ. ಅಪ್ಪ ಅವಳ ಪಕ್ಕದಲ್ಲಿ ಕೂತು ಬಹಳ ಹೊತ್ತು ಆ ಮುಖವನ್ನೇ ನೋಡಿದ. "ಸಾವು ಹೀಗೂ ಇರುತ್ತಾ" ಎಂದ. ನಾವು ಅತ್ತೆವು. ಆದರೂ ನಮ್ಮ ಮನೆಯಲ್ಲಿ ಒಬ್ಬರಾದರೂ ವಯಸ್ಸಾಗಿ, ಹಾಸಿಗೆಯ ಮೇಲೆ, ಹೊಟ್ಟೆ ತುಂಬಿ ಸತ್ತರಲ್ಲ ಎಂಬ ಒಂದು ಹೆಮ್ಮೆ ಆ ಅಳುವಿನಲ್ಲೂ ಇತ್ತು.

ಈಗ ಬೊಂಬು ಹೋಗಿ ಕಬ್ಬಿಣದ ಪೈಪು ಬಂದಿದೆ, ಹಗ್ಗ ಹೋಗಿ ಕ್ಲಾಂಪು ಬಂದಿದೆ. "ಗಂಟೆಲ್ಲ ಹೋಯ್ತು, ಗಂಟಕ್ಕ ಮಾತ್ರ ಉಳಿದ್ಲು" ಎಂದು ಅವಳೇ ನಗುತ್ತಾಳೆ. ಕ್ಲಾಂಪಿನ ತಿರುಪನ್ನೂ ಎರಡು ಸಲ ನೋಡುತ್ತಾಳೆ. ಮೊಣಕಾಲು ಮೊದಲಿನಂತಿಲ್ಲ, ದಿನವೂ ಹತ್ತುವುದಿಲ್ಲ. ಅವಳ ಕೈಕೆಳಗೆ ಕಲಿತವರು ಈಗ ತಮ್ಮದೇ ಗುಂಪು ಕಟ್ಟಿಕೊಂಡಿದ್ದಾರೆ, ಅವರಲ್ಲಿ ಗೊಣಗಪ್ಪನ ದೊಡ್ಡ ಮಗಳೂ ಒಬ್ಬಳು. ಅಪ್ಪನ ಬಾಯಿ ಅವಳಿಗೇ ಬಂದಿದೆ.

ಹೋದ ವರ್ಷ ಹೊಸ ಆಸ್ಪತ್ರೆಯ ಕೆಲಸ ಮುಗಿಯಿತು. ಊರಿನಲ್ಲೇ ಎತ್ತರದ ಕಟ್ಟಡ. ಸಾರುವೆ ಬಿಚ್ಚುವ ಮೊದಲು ಒಂದು ಫೋಟೊ ಇರಲಿ ಎಂದು ಕೆಲಸದವರೆಲ್ಲ ತುತ್ತತುದಿಯ ಹಲಗೆಯ ಮೇಲೆ ಸಾಲಾಗಿ ನಿಂತರು. ಅಕ್ಕ ಬೇಡವೆಂದರೂ ಬಿಡದೆ ಅವಳನ್ನು ಹತ್ತಿಸಿ ನಡುವೆ ನಿಲ್ಲಿಸಿಕೊಂಡರು. ಎಲ್ಲರ ಸೊಂಟದಲ್ಲೂ ಪಟ್ಟಿ, ಅಕ್ಕನ ಎರಡೂ ಕಡೆ ಗಾರೆ ಮೆತ್ತಿದ ಕೈಗಳು, ಹಿಂದೆ ಬರೀ ಆಕಾಶ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಮನೆಗೆ ತಂದುಕೊಟ್ಟರು.

ದೊಡ್ಡಮ್ಮನಿಗೆ ಈಗ ದೃಷ್ಟಿ ಮಂದ. ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಮಾಡಿ, ಒಬ್ಬೊಬ್ಬರ ಮುಖವನ್ನೂ ಬೆರಳಿಟ್ಟು ನೋಡಿದಳು. ಮಗ್ಗುಲಲ್ಲಿ ಅಕ್ಕ ಕಾಯುತ್ತ ನಿಂತಿದ್ದಳು, ಇಷ್ಟು ವಯಸ್ಸಾದ ಮೇಲೂ ಪರೀಕ್ಷೆ ಬರೆದ ಹುಡುಗಿಯ ಹಾಗೆ.

"ಅಷ್ಟು ಮೇಲೆ ನಿಂತಿದೀಯ, ಊರಿಗೆಲ್ಲ ಕಾಣೋ ಹಾಗೆ" ಎಂದಳು ದೊಡ್ಡಮ್ಮ. "ತಲೆ ಬಾಚ್ಕೊಂಡು ನಿಲ್ಬಾರ್ದಿತ್ತೇನೇ?"